ಪಾಳ್ಯದಿಂದ ಯಡಕುಮರಿಗೆ

ಹಾಸನ ಬಿಟ್ಟು ಮಂಗಳೂರಿನ ಕಡೆ ಹೊರಟ ಹೆದ್ದಾರಿಯ ಊರುಗಳನ್ನು ಒಂದಾದ ಮೇಲೊಂದರಂತೆ ಹೇಳಿ ನೋಡಬೇಕು: ಬೈರಾಪುರ, ಪಾಳ್ಯ, ಬಾಳ್ಳುಪೇಟೆ, ಸಕಲೇಶಪುರ. ಹೇಮಾವತಿ ದಾಟಿದ ಮೇಲೆ ದೋಣಿಗಾಲ್, ಹೆಗ್ಗದ್ದೆ, ಮಾರನಹಳ್ಳಿ, ಕೆಂಪುಹೊಳೆ. ರೈಲಿನಲ್ಲಿ ಹೋದರೆ ದೋಣಿಗಾಲ್ ಆದಮೇಲೆ ಕಡಗರವಳ್ಳಿ, ಯಡಕುಮರಿ. ಪೂರ್ವದಲ್ಲಿ ರಾಗಿ, ಆಲೂಗೆಡ್ಡೆಯ ಬಯಲು. ಪಶ್ಚಿಮಕ್ಕೆ ಸರಿದಂತೆ ಮಳೆ ಹೆಚ್ಚುತ್ತದೆ, ಮರ ಹೆಚ್ಚುತ್ತದೆ, ಕೊನೆಗೆ ಘಟ್ಟದ ಅಂಚಿನಲ್ಲಿ ಬಿಸಿಲು ನೆಲ ಮುಟ್ಟದ ಕಾಡು. ಆದರೆ ಈ ಸಾಲಿನಲ್ಲಿ ಕಾಡು ಎನ್ನುವ ಮಾತೇ ಇಲ್ಲ. ಬೀಡುಬಿಟ್ಟ ಜಾಗ, ವ್ಯಾಪಾರದ ಜಾಗ, ದೇವರ ಪುರ, ಗದ್ದೆ, ಹಳ್ಳಿ, ಹೊಳೆ, ಕುಮರಿ, ಎಲ್ಲವೂ ಇವೆ; ಕಾಡು ಮಾತ್ರ ಇಲ್ಲ. ಕಾಡಿನ ಸೀಮೆಯ ಊರಿನ ಹೆಸರುಗಳು ಕಾಡನ್ನು ಹೇಳುವುದಿಲ್ಲ, ಕಾಡಿನೊಳಗೆ ಮನುಷ್ಯ ಬಿಡಿಸಿಕೊಂಡ ಜಾಗವನ್ನು ಹೇಳುತ್ತವೆ ಎಂಬುದು ನನ್ನ ವಾದದ ಮೊದಲ ಅರ್ಧ. ಹಾಗೆ ಬಿಡಿಸಿಕೊಂಡ ಜಾಗಗಳ ಹೆಸರುಗಳಲ್ಲಿ ಕೆಲವಾದರೂ ಮಲೆನಾಡಿನ ಬಾಗಿಲಲ್ಲಿ ನಿಂತ ಪಾಳ್ಯದಂಥ ಹೆಸರಿಗಿಂತ ಹಳೆಯವು ಎಂಬುದು ಉಳಿದರ್ಧ. ಇದು ನಿಂತರೆ, ಮಲೆನಾಡು ಮನುಷ್ಯನ ಕೈ ಸೋಕದೆ ಬಿದ್ದಿತ್ತು, ಮೊದಲು ದಂಡು, ಆಮೇಲೆ ಕಾಫಿ ಬಂದು ಅದನ್ನು ತೆರೆದವು ಎಂದು ನಾವು ಸುಲಭವಾಗಿ ಹೇಳಿಕೊಳ್ಳುವ ಕತೆ ನಿಲ್ಲುವುದಿಲ್ಲ.

ಕಾಡು ಎಂಬ ಪದದಿಂದಲೇ ಹೊರಡೋಣ. ಕನ್ನಡದಲ್ಲಿ ಅದು ನಾಡಿಗೆ ಎದುರಾಗಿ ನಿಲ್ಲುವ ಮಾತು. ಮರ ದಟ್ಟವಾಗಿದೆಯೋ ಇಲ್ಲವೋ ಎನ್ನುವುದಕ್ಕಿಂತ, ಊರಿನ ಕಟ್ಟಳೆ ಮುಗಿದ ಜಾಗ ಎನ್ನುವುದೇ ಅದರ ತಿರುಳು. ಸುಡುಗಾಡಿನಲ್ಲಿ ಮರವಿರಬೇಕಾಗಿಲ್ಲ, ಊರ ಹೊರಗಿದ್ದರೆ ಸಾಕು. ಕೊಂಗುನಾಡಿನ ತಮಿಳಿನಲ್ಲಿ ಇದೇ ಕಾಡು ಮಳೆಯಾಶ್ರಯದ ಹೊಲಕ್ಕೂ ಹೆಸರು. ಪಲ್ಲವ ಅರಸರಿಗೆ ಕಾಡುವೆಟ್ಟಿ, ಅಂದರೆ ಕಾಡು ಕಡಿದವನು, ಎಂಬ ಬಿರುದಿತ್ತು. ಕಾಡು ಕಡಿಯುವುದೆಂದರೆ ನಾಡನ್ನು ಮಾಡುವುದು, ಆದ್ದರಿಂದಲೇ ಅದು ಅರಸನ ಹೆಮ್ಮೆ. ಇಂಗ್ಲಿಷಿನ ಜಂಗಲ್ ಎಂಬ ಮಾತಿನ ಪಾಡು ಇನ್ನೂ ವಿಚಿತ್ರ. ಸಂಸ್ಕೃತದ ಜಾಂಗಲ ಎಂದರೆ ಒಣ, ತೆರೆದ, ವಿರಳ ಗಿಡಗಳ ನೆಲ. ಆಯುರ್ವೇದದಲ್ಲಿ ಜೌಗಿನ ಆನೂಪಕ್ಕೆ ತದ್ವಿರುದ್ಧವಾದದ್ದು. ಅದನ್ನೇ ಎತ್ತಿಕೊಂಡ ಇಂಗ್ಲಿಷರು ಮಳೆಕಾಡಿಗೆ ಹೊದಿಸಿದರು, ನಾವು ಹಾಗೆಯೇ ಮರಳಿ ಪಡೆದೆವು. ಇಂಥ ಪದಗಳೆಲ್ಲ ನೋಡುವವನು ನಿಂತ ಜಾಗಕ್ಕೆ ಕಟ್ಟುಬಿದ್ದವು. ಬಯಲಿನವನಿಗೆ ಇಡೀ ಮಲೆ ಕಾಡು. ಮಲೆಯೊಳಗೆ ಹುಟ್ಟಿದವನಿಗೆ ಸುತ್ತ ಇರುವುದೆಲ್ಲ ಕಾಡೇ ಆದ್ದರಿಂದ ಒಂದು ಜಾಗವನ್ನು ಇನ್ನೊಂದರಿಂದ ಬೇರೆ ಮಾಡಿ ತೋರಿಸಲು ಆ ಮಾತು ಕೆಲಸಕ್ಕೆ ಬಾರದು. ಹೆಸರಿನ ಕೆಲಸ ಬೇರೆ ಮಾಡಿ ತೋರಿಸುವುದು.

ಕಾಡುಮನೆ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಸಕಲೇಶಪುರದ ಪಶ್ಚಿಮಕ್ಕಿರುವ, ಟೀ ತೋಟದಿಂದ ಹೆಸರಾದ ಕಾಡುಮನೆ ನಿಜವಾಗಿಯೂ ಕಾಡಿನ ಹೆಸರು. ಆದರೆ ಅಲ್ಲೂ ಊರನ್ನು ಗುರುತಿಸುತ್ತಿರುವುದು ಕಾಡಲ್ಲ, ಮನೆ. ಕಾಡಿನಲ್ಲಿ ಒಂಟಿಯಾಗಿ ನಿಂತ ಮನೆಯನ್ನು ಆಚೆಯ ಊರಿನವರು ಕರೆದ ಬಗೆ ಅದು. ದಟ್ಟ ಮರಗಳ ನಡುವೆ ಹರಿಯುವ ತೊರೆಗಳನ್ನು ನೋಡಿ: ಎತ್ತಿನಹೊಳೆ, ಕೆಂಪುಹೊಳೆ. ಒಂದರಲ್ಲಿ ಸಾಕಿದ ಪ್ರಾಣಿ, ಇನ್ನೊಂದರಲ್ಲಿ ನೀರಿನ ಬಣ್ಣ. ಈಗ ಬಯಲುಸೀಮೆಗೆ ಕುಡಿಯುವ ನೀರು ಒಯ್ಯುವ ಯೋಜನೆಯಿಂದಾಗಿ ನಾಡಿಗೆಲ್ಲ ಪರಿಚಿತವಾದ ಎತ್ತಿನಹೊಳೆಯ ಹೆಸರಿನಲ್ಲಿ ಎತ್ತು ಇದೆ, ಆನೆ ಇಲ್ಲ ಎನ್ನುವುದನ್ನು ಹಗುರಾಗಿ ತಳ್ಳಿಹಾಕಬಾರದು.

ಹೆಗ್ಗದ್ದೆಯನ್ನು ಹತ್ತಿರದಿಂದ ನೋಡಿದರೆ ಈ ಹೆಸರಿಡುವ ಬುದ್ಧಿ ಸ್ಪಷ್ಟವಾಗುತ್ತದೆ. ಈ ಗುಡ್ಡಗಳ ಕಟ್ಟಣೆ ಎಲ್ಲ ಕಡೆ ಒಂದೇ ತೆರ: ಎರಡು ಏರುಗಳ ನಡುವೆ ಕಿರಿದಾದ ತಗ್ಗು, ತಗ್ಗಿನಲ್ಲಿ ಹಳ್ಳ, ಹಳ್ಳದ ಎರಡೂ ದಂಡೆಗೆ ಮೆಟ್ಟಿಲು ಮೆಟ್ಟಿಲಾಗಿ ಬತ್ತದ ಗದ್ದೆ, ಗದ್ದೆಯ ಅಂಚಿಗೆ ತುಸು ಎತ್ತರದಲ್ಲಿ ಮನೆ, ಮನೆಯ ಹಿಂದಿನಿಂದಲೇ ಮರ. ಗದ್ದೆಗೆ ಬೇಕಾದ ಸೊಪ್ಪು, ಕೊಟ್ಟಿಗೆಯ ಹಾಸು, ಸೌದೆ, ನೇಗಿಲ ಮರ ಎಲ್ಲ ಆ ಏರಿನಿಂದ ಬರಬೇಕು. ನೂರು ಎಕರೆ ಮರದ ನಡುವೆ ಹತ್ತು ಎಕರೆ ಗದ್ದೆ ಸಿಕ್ಕಿದರೆ ಅದು ದೊಡ್ಡ ಮಾತು. ಅದಕ್ಕೇ ಹಿರಿದು ಗದ್ದೆ, ಹೆಗ್ಗದ್ದೆ. ಹೆಸರು ಗದ್ದೆಯನ್ನು ಎಣಿಸಿತು, ಗದ್ದೆಯನ್ನು ಸಾಕುತ್ತಿದ್ದ ಕಾಡನ್ನು ಎಣಿಸಲಿಲ್ಲ. ಕಾಡಿಗೆ ಹೆಸರು ಬಂದಲ್ಲಿ ಅದೂ ಬಳಕೆಯ ಹೆಸರೇ. ಶಿವಮೊಗ್ಗ, ಉತ್ತರ ಕನ್ನಡಗಳಲ್ಲಿ ಅಡಿಕೆ ತೋಟಕ್ಕೆ ಸೊಪ್ಪು ಕೊಡುವುದು ಸೊಪ್ಪಿನಬೆಟ್ಟ, ಕೊಡಗಿನಲ್ಲಿ ಗದ್ದೆಗೆ ಅಂಟಿಕೊಂಡ ಮೇವು-ಸೌದೆ-ಸೊಪ್ಪಿನ ನೆಲ ಬಾಣೆ, ಕೊಡಲಿ ಬೀಳಬಾರದೆಂದು ದೇವರಿಗೆ ಬಿಟ್ಟದ್ದು ದೇವರಕಾಡು. ಮುಟ್ಟಬಾರದು ಎನ್ನುವುದೂ ಒಂದು ಬಳಕೆಯೇ, ಒಂದು ಕರಾರು.

ನನ್ನ ವಾದಕ್ಕೆ ಎಲ್ಲಕ್ಕಿಂತ ಬಲವಾದ ಸಾಕ್ಷಿ ಯಡಕುಮರಿ. ಹಾಸನ–ಮಂಗಳೂರು ರೈಲುಮಾರ್ಗ 1979ರಲ್ಲಿ ತೆರೆದಾಗ ಘಟ್ಟದ ನಡುವೆ ಒಂದು ನಿಲ್ದಾಣಕ್ಕೆ ಈ ಹೆಸರು ಬಿತ್ತು. ಒಂದು ಕಡೆ ಕಡಿದಾದ ಬಂಡೆ, ಇನ್ನೊಂದು ಕಡೆ ಕಣಿವೆ, ಹಿಂದೆ ಮುಂದೆ ಸುರಂಗ. ಸುತ್ತ ಎತ್ತ ನೋಡಿದರೂ ಮರದ ನೆತ್ತಿಗಳು. ಹಳಿಯ ಗುಂಟ ನಡೆದು ಹೋಗುತ್ತಿದ್ದ ಚಾರಣಿಗರು ಇದನ್ನು ಮನುಷ್ಯ ಮುಟ್ಟದ ಕಾಡೆಂದು ಕೊಂಡಾಡಿದ್ದುಂಟು. ಆದರೆ ಕುಮರಿ ಎಂದರೇನು? ಕಾಡಿನ ಒಂದು ತುಂಡನ್ನು ಕಡಿದು, ಒಣಗಿಸಿ, ಮಳೆಗೆ ಮುನ್ನ ಸುಟ್ಟು, ಬೂದಿಯ ಮೇಲೆ ರಾಗಿಯೋ ಬತ್ತವೋ ಎರಚಿ, ಒಂದೆರಡು ಬೆಳೆ ತೆಗೆದು ಬಿಟ್ಟುಹೋಗುವ ಬೇಸಾಯ. ಘಟ್ಟದ ಕೆಳಗೆ ಕುಮೇರಿ ಎನ್ನುತ್ತಾರೆ. ಕಂದಾಯದ ಕಾಗದಗಳಲ್ಲೂ ಅರಣ್ಯ ಇಲಾಖೆಯ ಬರಹಗಳಲ್ಲೂ ಇದು ಸಾಮಾನ್ಯ ಪದ. 1856ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾದ ಹ್ಯೂ ಕ್ಲೆಗಾರ್ನ್ ಕುಮರಿಯ ವಿರುದ್ಧ ದೀರ್ಘವಾಗಿ ಬರೆದ. 1860ರಲ್ಲಿ ಆ ಸರ್ಕಾರ ತನ್ನ ಕಾಡುಗಳಲ್ಲಿ ಅದನ್ನು ನಿಷೇಧಿಸಿತು. ಹಾಗಾದರೆ ಇಂದಿನ ದಟ್ಟಡವಿಯ ನಡುವಿನ ಈ ಹೆಸರು ಹೇಳುತ್ತಿರುವುದು ಒಂದು ಕಾಲದಲ್ಲಿ ಇಲ್ಲಿ ಕೊಡಲಿ ಆಡಿತ್ತು, ಹೊಗೆ ಎದ್ದಿತ್ತು, ತೆನೆ ಕೊಯ್ದಿದ್ದರು ಎಂದು. ಇಷ್ಟರಿಂದ ಘಟ್ಟವೆಲ್ಲ ಬೋಳಾಗಿತ್ತು ಎಂದು ಯಾರೂ ತೀರ್ಮಾನಿಸಬಾರದು. ಕುಮರಿಯ ಹದವೇ ಬಿಟ್ಟುಹೋಗುವುದರಲ್ಲಿತ್ತು. ಬಿಟ್ಟ ನೆಲವನ್ನು ಕಾಡು ಮರಳಿ ತುಂಬಿಕೊಳ್ಳುತ್ತಿತ್ತು. ಹೆಸರು ಉಳಿದದ್ದು ಆ ತುಂಡು ಸುತ್ತಲ ಮರಗಳ ನಡುವೆ ಎದ್ದು ಕಂಡಿದ್ದರಿಂದ.

ಇಂಗ್ಲೆಂಡಿನಲ್ಲಿ ಇದೇ ಪ್ರಶ್ನೆಯನ್ನು ನಮಗಿಂತ ಹೆಚ್ಚು ಕಾಲ ಬೆನ್ನಟ್ಟಿದ್ದಾರೆ, ಅವರ ಅನುಭವ ಇಲ್ಲಿ ನೆರವಿಗೆ ಬರುತ್ತದೆ. ಅಲ್ಲಿ ‘ಲೀ’ ಎಂದು ಮುಗಿಯುವ ಊರುಗಳು ಸಾವಿರಾರು. ಹಳೆಯ ಇಂಗ್ಲಿಷಿನ ‘ಲೇಆಹ್’ ಎಂಬ ಪದಕ್ಕೆ ಕಾಡು ಎಂಬ ಅರ್ಥವೂ ಇತ್ತು, ಕಾಡಿನೊಳಗಿನ ಬಯಲು ಎಂಬ ಅರ್ಥವೂ ಇತ್ತು. ಲ್ಯಾಟಿನ್ನಿನಲ್ಲಿ ದೇವರ ಬನವನ್ನು ಹೇಳುವ ‘ಲೂಕುಸ್’ ಅದರ ಬಂಧು. 1086ರ ಡೂಮ್ಸ್‌ಡೇ ದಾಖಲೆಯನ್ನು ಲೆಕ್ಕಹಾಕಿದ ಆಲಿವರ್ ರ‍್ಯಾಕಮ್ ಅಂದಿನ ಇಂಗ್ಲೆಂಡಿನಲ್ಲಿ ಕಾಡಿದ್ದದ್ದು ಸುಮಾರು ಶೇ 15 ಎಂದು ತೋರಿಸಿದರು. ಇಡೀ ದೇಶ ಕಾರ್ಗಾಡಾಗಿತ್ತೆಂಬ ಜನಪ್ರಿಯ ನಂಬಿಕೆ ಅಲ್ಲಿಗೆ ಬಿತ್ತು. ನನಗೆ ಇನ್ನೂ ಹತ್ತಿರವೆನಿಸುವುದು ಕೆಂಟ್ ಸೀಮೆಯ ಟೆಂಟರ್ಡನ್ ಊರಿನ ಹೆಸರು. ಅದರ ಮೂಲ ಅರ್ಥ ಥ್ಯಾನೆಟ್ಟಿನವರ ಹಂದಿ ಮೇಯುವ ಜಾಗ. ಥ್ಯಾನೆಟ್ ಇರುವುದು ದೂರದ ಕರಾವಳಿಯಲ್ಲಿ. ಅಲ್ಲಿನವರು ಓಕ್ ಕಾಯಿ ಉದುರುವ ಕಾಲಕ್ಕೆ ಹಂದಿಗಳನ್ನು ಅಟ್ಟಿಕೊಂಡು ವೀಲ್ಡ್ ಎಂಬ ಆ ಕಾಡಿಗೆ ಬರುತ್ತಿದ್ದರು. ಜನವಿಲ್ಲದ ಅಡವಿ ಎಂದುಕೊಂಡಿದ್ದ ವೀಲ್ಡ್‌ನ ಮೂಲೆಮೂಲೆಗೂ ಹೀಗೆ ಯಾರದೋ ಹಕ್ಕಿನ, ಯಾವುದೋ ಬಳಕೆಯ ಹೆಸರಿತ್ತು. ಯಡಕುಮರಿಯೂ ಹಂದಿ ಮೇಯುವ ಆ ಡೆನ್‌ಗಳೂ ಒಂದೇ ಜಾತಿಯ ಹೆಸರುಗಳು.

ಮರದ ಹೆಸರಿನ ಊರುಗಳ ಬಗ್ಗೆ ಒಂದು ಎಚ್ಚರ ಬೇಕು, ಏಕೆಂದರೆ ಕಾಡಿನ ಕುರುಹೆಂದು ಎಲ್ಲರೂ ಮೊದಲು ಎತ್ತಿ ತೋರಿಸುವುದು ಇವನ್ನೇ. ಆಲೂರು ತಾಲ್ಲೂಕಿನ ಹುಣಸವಳ್ಳಿ, ಸಕಲೇಶಪುರ ತಾಲ್ಲೂಕಿನ ಹಲಸುಲಿಗೆ, ಅತ್ತಿಹಳ್ಳಿ. ಆದರೆ ಹುಣಸೆ ಮಲೆಕಾಡಿನ ಮರವೇ ಅಲ್ಲ. ಅದು ಬಿಸಿಲಿನ ಸೀಮೆಯ, ಮನುಷ್ಯ ನೆಟ್ಟು ಕಾಪಾಡಿದ ಮರ. ಮಳೆ ಹೆಚ್ಚಿದಷ್ಟೂ ಅದರ ಫಲ ಕಡಿಮೆ. ಬಯಲಿಗೂ ಮಲೆಗೂ ನಡುವಿನ ಆಲೂರಿನಲ್ಲಿ ಅದು ಊರಿಗೆ ಹೆಸರಾಗುವಷ್ಟು ಎದ್ದು ಕಂಡಿದ್ದರೆ ಅಲ್ಲಿ ಆಗಲೇ ಜನ ಇದ್ದರು ಎಂದೇ ಅರ್ಥ. ಹಲಸು ಕಾಡಿನಲ್ಲೂ ಇದೆ, ಹಿತ್ತಿಲಲ್ಲೂ ಇದೆ. ಅತ್ತಿಯನ್ನು ಕಡಿಯದೆ ಬಿಡುವ ರೂಢಿ ಬಹಳ ಹಳೆಯದು. ಕಾಡು ಕಡಿದಾಗ ಬಿಟ್ಟ ಒಂದು ಮರ, ಅಥವಾ ನೆಟ್ಟು ಬೆಳೆಸಿದ ಒಂದು ಮರ ಊರಿಗೆ ಹೆಸರಾಗುತ್ತದೆ. ಸಾವಿರ ಮರದ ನಡುವಿನ ಒಂದು ಮರ ಆಗುವುದಿಲ್ಲ.

ಈಗ ಕಾಲದ ಪ್ರಶ್ನೆ. ಹುಣಸವಳ್ಳಿ, ಕಡಗರವಳ್ಳಿ, ಬ್ಯಾಕರವಳ್ಳಿ, ಇವುಗಳ ಕೊನೆಗೆ ಇರುವುದು ಹಳ್ಳಿಯಲ್ಲ, ವಳ್ಳಿ. ಹಳೆಗನ್ನಡದ ಪಳ್ಳಿ ಮುಂದೆ ಹಳ್ಳಿಯಾಯಿತು. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ. ಈ ಬದಲಾವಣೆ ನಡೆದ ಕಾಲವನ್ನು ತೋರಿಸಲು ಬೇರೆಲ್ಲೂ ಹೋಗಬೇಕಿಲ್ಲ. ಪಕ್ಕದ ಮೂಡಿಗೆರೆ ತಾಲ್ಲೂಕಿನ ಅಂಗಡಿಯಿಂದ ಎದ್ದುಬಂದ ಮನೆತನ ತನ್ನ ಹಳೆಯ ಶಾಸನಗಳಲ್ಲಿ ಪೊಯ್ಸಳ, ಬರಬರುತ್ತಾ ಹೊಯ್ಸಳ. ಅಂದರೆ 11, 12ನೆಯ ಶತಮಾನದ ಸುಮಾರಿಗೆ ಈ ಮಲೆಗಳಲ್ಲಿ ಪಕಾರ ಹಕಾರವಾಗುತ್ತಿತ್ತು. ಸಮಾಸದ ನಡುವೆ ಬಂದ ಪಕಾರ ವಕಾರವಾಗುವುದು ಹಳಗನ್ನಡದ ನಿಯಮ. 13ನೆಯ ಶತಮಾನದ ಕೇಶಿರಾಜನ ವ್ಯಾಕರಣದಲ್ಲಿ ಅದಕ್ಕೆ ಸೂತ್ರವೇ ಇದೆ. ಹುಣಸೆಗೆ ಪಳ್ಳಿ ಸೇರಿದರೆ ವಳ್ಳಿ ಬರುತ್ತದೆ. ಹಳ್ಳಿ ಸೇರಿದ್ದರೆ ಬರುತ್ತಿರಲಿಲ್ಲ. ಆಡುಮಾತಿನಲ್ಲಿ ಹಕಾರ ಉದುರಿದರೂ ಮಾರನಳ್ಳಿ ಆದಂತೆ ಹುಣಸಳ್ಳಿ ಆಗುತ್ತಿತ್ತು. ಈ ಒಂದು ವಕಾರ ಪಳ್ಳಿ ಇನ್ನೂ ಪಳ್ಳಿಯಾಗಿದ್ದ ಕಾಲದ ಗುರುತು. ಅದು ಆಲೂರಿನ ಅಂಚಿನಲ್ಲಷ್ಟೇ ಅಲ್ಲ, ಸಕಲೇಶಪುರದಾಚೆ ಘಟ್ಟ ಇಳಿಯುವ ಮೊದಲಿನ ಕಡಗರವಳ್ಳಿಯಲ್ಲೂ ಇದೆ. ಪಾಳ್ಯದ ಪಕಾರವಾದರೋ ಹಾಗೇ ಉಳಿದಿದೆ. ಪಾಳು ಹಾಳಾಯಿತು, ಪಾಳೆಯ ಹಾಳೆಯ ಆಗಲಿಲ್ಲ. ತಮಿಳಿನ ಪಾಳೈಯಂ, ತೆಲುಗಿನ ಪಾಳೆಂಗಳ ಜೊತೆಗೆ ದಂಡಿನ ಮಾತಾಗಿ ಅದು ನೆಲೆಗೊಂಡದ್ದು ವಿಜಯನಗರದ ಕಾಲದಲ್ಲಿ, ಪಾಳೆಯಗಾರರ ಆಳ್ವಿಕೆಯಲ್ಲಿ. ಈ ಮಲೆಗಳನ್ನು ಬಲಂ ಸೀಮೆ ಎಂದು ಕರೆಯುತ್ತಿದ್ದ ದಿನಗಳಲ್ಲಿ ಐಗೂರಿನ ನಾಯಕರೂ ಅಂಥ ಪಾಳೆಯಗಾರರೇ.

ಇದಕ್ಕೆ ಒಳ್ಳೆಯ ಆಕ್ಷೇಪಗಳಿವೆ. ಪಡೆ ಎಂಬ ಮಾತು ಹಳೆಯದೇ, ಆದರೂ ಅದರ ಪಕಾರ ಉಳಿಯಿತು. ಹಂಚಿಕೆಯ ಅರ್ಥದ ಪಾಲೂ ಉಳಿಯಿತು. ಹಾಗಿರುವಾಗ ಪಕಾರವೊಂದನ್ನೇ ಹಿಡಿದು ಪಾಳ್ಯವನ್ನು ಹೊಸದೆನ್ನುವುದು ಹೇಗೆ? ನಿಜ, ಬರೀ ಪಕಾರ ಸಾಲದು. ಆದರೆ ಇಲ್ಲಿ ಇನ್ನೊಂದು ಸಾಕ್ಷಿ ಕೈಗೆ ಸಿಗುತ್ತದೆ. ದಂಡು ಇಳಿದ ಜಾಗಕ್ಕೆ, ಅರಸ ನೆಲೆನಿಂತ ಜಾಗಕ್ಕೆ ಹೊಯ್ಸಳರ ಕಾಲದ ಮಾತು ಬೀಡು. ಶಾಸನಗಳಲ್ಲಿ ರಾಜಧಾನಿ ನೆಲೆವೀಡು. ಇದೇ ಹಾಸನ ಜಿಲ್ಲೆಯಲ್ಲಿ ಅವರ ಹಾಳಾದ ರಾಜಧಾನಿಯ ಹೆಸರು ಹಳೇಬೀಡು. ಪಾಳ್ಯ ಅದೇ ಅರ್ಥದ ಮುಂದಿನ ತಲೆಮಾರಿನ ಪದ. ಈ ಎರಡು ರೂಪಗಳೇ ವಳ್ಳಿಯ ವಾದಕ್ಕೂ ಆಸರೆ: ಹಿಂದಿನ ಜೋಡಣೆಯಲ್ಲಿ ಬೀಡು ವೀಡಾಯಿತು, ಮುಂದಿನ ಜೋಡಣೆಯಲ್ಲಿ ಬೀಡಾಗಿಯೇ ಉಳಿಯಿತು. ಇನ್ನೊಂದು ಆಕ್ಷೇಪ: ಮಾರನಹಳ್ಳಿಯಂಥ ಹೆಸರುಗಳು ವಕಾರವಿಲ್ಲದೆಯೂ ಅಷ್ಟೇ ಹಳೆಯವಿರಬಹುದಲ್ಲ? ಇರಬಹುದು. ‘ಮಾರನ’ ಎಂಬಲ್ಲಿ ವಿಭಕ್ತಿ ಪ್ರತ್ಯಯ ಗಟ್ಟಿಯಾಗಿ ನಿಂತಿದೆ. ಅದು ಹುಣಸವಳ್ಳಿಯಷ್ಟು ಬೆಸೆದುಕೊಂಡ ಸಮಾಸವಲ್ಲ. ಹಳ್ಳಿಗಳೆಲ್ಲ ಹೊಸವು ಎಂದು ನಾನು ಹೇಳುತ್ತಿಲ್ಲ. ವಳ್ಳಿಗಳು ಹಳೆಯವು ಎಂದಷ್ಟೇ ಹೇಳುತ್ತಿದ್ದೇನೆ, ನನ್ನ ವಾದಕ್ಕೆ ಅಷ್ಟು ಸಾಕು. ಪಾಳ್ಯವೆಂಬ ಹೆಸರು ಬರುವ ಮೊದಲೇ ಅದೇ ನೆಲದಲ್ಲಿ ಬೇರೊಂದು ಹೆಸರಿನ ಊರಿದ್ದಿರಬಹುದು ಎಂದರೂ ವಾದ ಸಡಿಲಾಗುವುದಿಲ್ಲ, ಗಟ್ಟಿಯಾಗುತ್ತದೆ.

ಹೆಸರುಗಳು ಬದಲಾಗುತ್ತವೆ, ಬದಲಾಗುವುದನ್ನು ನಂಬಿ ಚರಿತ್ರೆ ಕಟ್ಟಬಾರದು ಎನ್ನುವವರೂ ಇದ್ದಾರೆ. ಯಾವ ಹೆಸರು ಬದಲಾಗುತ್ತದೆ ಎಂದು ನೋಡಿದರೆ ಅದರಲ್ಲೂ ಒಂದು ಕ್ರಮವಿದೆ. ಹೊಯ್ಸಳರ ಸೊಸೆವೂರು ಅಂಗಡಿಯಾಯಿತು. ಟಿಪ್ಪು ಸುಮಾರು 1792ರಲ್ಲಿ ಸಕಲೇಶಪುರದ ಹತ್ತಿರದ ಗುಡ್ಡದ ನೆತ್ತಿಯ ಮೇಲೆ ಎಂಟು ಮೂಲೆಯ ನಕ್ಷತ್ರದಂಥ ಕೋಟೆ ಕಟ್ಟಿಸಿದ. ಮಂಜರಾಬಾದ್ ಎಂಬ ಅದರ ಹೆಸರೇ ಇಡೀ ತಾಲ್ಲೂಕಿಗೆ ಬಿತ್ತು. ಕನ್ನಡದ ಕಿವಿಗೆ ಅದರಲ್ಲಿ ಮಂಜು ಕೇಳಿಸುತ್ತದೆ, ಪಾರಸಿ ಬಲ್ಲವನಿಗೆ ನೋಟ ಎಂಬ ಅರ್ಥದ ಮಂಜರ್. ಬಿ. ಎಲ್. ರೈಸ್ 1902ರಲ್ಲಿ ಹಾಸನ ಜಿಲ್ಲೆಯ ಶಾಸನ ಸಂಪುಟ ಹೊರತಂದಾಗಲೂ ತಾಲ್ಲೂಕು ಮಂಜರಾಬಾದೇ. ಈಗ ಆ ಹೆಸರು ಕೋಟೆಯನ್ನು ಬಿಟ್ಟರೆ ಬೇರೆಲ್ಲೂ ಹೆಚ್ಚು ಕೇಳುವುದಿಲ್ಲ. ಬಲಂ ಎಂಬುದು ಪುಸ್ತಕಕ್ಕೆ ಸೇರಿತು. ಆಳುವವರು ಇಟ್ಟ ಹೆಸರು ಆಳ್ವಿಕೆಯ ಜೊತೆ ಅಲುಗಾಡುತ್ತದೆ. ಗದ್ದೆ, ಹಳ್ಳ, ಕುಮರಿಗಳ ಹೆಸರನ್ನು ಬದಲಾಯಿಸುವ ಅಗತ್ಯ ಯಾರಿಗೂ ಬರಲಿಲ್ಲ. ಶಂ. ಬಾ. ಜೋಶಿಯವರು ‘ಎಡೆಗಳು ಹೇಳುವ ಕಂನಾಡ ಕತೆ’ಯಲ್ಲಿ ಊರಿನ ಹೆಸರುಗಳನ್ನು ಚರಿತ್ರೆಯ ಆಕರವಾಗಿ ಓದಿದ್ದು ಇಂಥ ಹೆಸರುಗಳ ಬಾಳಿಕೆಯನ್ನು ನೆಚ್ಚಿಯೇ.

ಇಷ್ಟಾದ ಮೇಲೆ ದಂಡು ಮತ್ತು ಕಾಫಿಯ ಕತೆಯನ್ನು ಮತ್ತೆ ನೋಡಬೇಕು. 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿ ಐಗೂರು ಪಾಳೆಯಗಾರನ ಅರೆಕೆರೆ ಕೋಟೆಯನ್ನು ಹಿಡಿದು, ಆಮೇಲೆ ಅವನನ್ನು ಗಲ್ಲಿಗೇರಿಸಿ, ಕಾಡಿನ ನಡುವೆ ದಾರಿ ಕಡಿಸಿದ. 1843ರಲ್ಲಿ ಫ್ರೆಡರಿಕ್ ಗ್ರೀನ್ ಮಂಜರಾಬಾದ್ ಸೀಮೆಯಲ್ಲಿ ಕಾಫಿ ತೋಟ ಹಾಕಿದ. 1856ರಲ್ಲಿ ಬಂದು ನೆಲೆಸಿದ ರಾಬರ್ಟ್ ಎಲಿಯಟ್ ತನ್ನ ಅನುಭವವನ್ನು 1871ರಲ್ಲಿ ಪುಸ್ತಕ ಮಾಡಿ ಅದರ ತಲೆಬರಹದಲ್ಲೇ ಜಂಗಲ್ ಎಂಬ ಮಾತನ್ನಿಟ್ಟ. ಬಯಲಿನಿಂದ, ಕಡಲಾಚೆಯಿಂದ ಬಂದ ಕಣ್ಣಿಗೆ ಅದು ಸಹಜ. ಆದರೆ ಆ ದಾರಿ ಹಾದುಹೋದದ್ದು ಹೆಸರುಳ್ಳ ಗದ್ದೆಗಳ ನಡುವೆ, ಆ ತೋಟಗಳು ಎದ್ದದ್ದು ಸೊಪ್ಪು ಸೌದೆಗೆ ಬಳಕೆಯಾಗುತ್ತಿದ್ದ ಏರುಗಳ ಮೇಲೆ. ಕಾಫಿಗೆ ಯಾವ ನೆರಳು ಒಳ್ಳೆಯದೆಂದು ಎಲಿಯಟ್ ಬರೆಯುವಾಗ ಪಟ್ಟಿಮಾಡಿದ ಗೋಣಿ, ಕರಿಬಸರಿ, ಮಿಟ್ಲಿ ಎಂಬ ಮರಗಳ ಹೆಸರು ಅವನು ಇಟ್ಟವಲ್ಲ, ಇಲ್ಲಿನವರ ಬಾಯಿಂದ ಕಲಿತವು. ಒಂದು ಅತ್ತಿಯ ಜಾತಿಯನ್ನು ಇನ್ನೊಂದರಿಂದ ಬಿಡಿಸಿ ಹೆಸರಿಡುವಷ್ಟು ಮರಗಳೊಡನೆ ಒಡನಾಡಿದ ಜನ ಆ ಏರುಗಳಲ್ಲಿ ಮೊದಲೇ ಇದ್ದರು.

ಈ ಸಾಕ್ಷ್ಯದ ಅಪಾಯ ಇರುವುದು ಬರವಣಿಗೆಯಲ್ಲಿ. ಹಳ್ಳ ಮತ್ತು ಹಳ್ಳಿಯ ನಡುವೆ ಕನ್ನಡದಲ್ಲಿ ಇರುವುದು ಒಂದು ಗುಡಿಸು. ಒಂದು ನೀರು, ಇನ್ನೊಂದು ಊರು. ಇಂಗ್ಲಿಷ್ ಅಕ್ಷರದ ಹಳೆಯ ನಕಾಶೆಗಳಲ್ಲಿ ಈ ಎರಡೂ ಒಂದನ್ನೊಂದು ತುಳಿಯುತ್ತವೆ, ಹೊಂಗಡಹಳ್ಳದಂಥ ಹೆಸರು ಓದುವವನ ಬಾಯಲ್ಲಿ ಯಾವಾಗ ಹಳ್ಳಿಯಾಗುತ್ತದೋ ಹೇಳಲಾಗದು. ಊರಿಗಿಂತ ಸಣ್ಣ ಹೆಸರುಗಳ ಪಾಡು ಇನ್ನೂ ಕಷ್ಟದ್ದು. ಒಂದೊಂದು ಊರಿನೊಳಗೆ ಗದ್ದೆಬಯಲಿಗೆ, ಏರಿಗೆ, ತೊರೆಯ ತಿರುವಿಗೆ, ಮರದ ಗುಂಪಿಗೆ ಬೇರೆ ಬೇರೆ ಹೆಸರಿವೆ. ಪಹಣಿಯಲ್ಲಿ ಅವುಗಳಿಗೆ ಜಾಗವಿಲ್ಲ, ಅಲ್ಲಿರುವುದು ಸರ್ವೆ ನಂಬರು ಮತ್ತು ಹಿಸ್ಸಾ. ಇಂಗ್ಲೆಂಡಿನ ಸ್ಥಳನಾಮ ಸಂಘ 1923ರಿಂದ ಸೀಮೆಗೊಂದರಂತೆ ಸಂಪುಟ ತರುತ್ತಾ ಬಂದು, ಬರಬರುತ್ತಾ ಹೊಲದ ಹೆಸರುಗಳನ್ನೂ ಸೇರಿಸಿಕೊಂಡಿತು, ಏಕೆಂದರೆ ಕಡಿದ ಕಾಡಿನ ಗುರುತು ಹೆಚ್ಚಾಗಿ ಸಿಕ್ಕಿದ್ದು ಅಲ್ಲೇ. ಪಾಳ್ಯ ಹೋಬಳಿಯಿಂದ ಯಡಕುಮರಿಯವರೆಗೆ ಆ ಮಟ್ಟದ ಹೆಸರುಗಳು ಈಗಲೂ ಇರುವುದು ಗದ್ದೆ ನಾಟಿಗೆ ಆಳು ಕರೆಯುವಾಗ, ತಪ್ಪಿಸಿಕೊಂಡ ದನ ಎಲ್ಲಿ ಕಂಡಿತೆಂದು ಹೇಳುವಾಗ. ನಾಟಿಯ ಗದ್ದೆ ಪಾಳು ಬಿದ್ದಲ್ಲೆಲ್ಲ, ಕೊಟ್ಟಿಗೆ ಖಾಲಿಯಾದಲ್ಲೆಲ್ಲ ಆ ಹೆಸರು ಹೇಳುವ ಸಂದರ್ಭವೇ ಇಲ್ಲವಾಗುತ್ತಿದೆ.